ಸಾಹೇಬರ ಕೋಣೆಯಲ್ಲಿ ಕುಕ್ಕರುಗಳು

ಪುರಸಭೆ ಎದುರಿನ ಬೇವಿನ ಮರದ ಕೆಳಗೆ ಗೌಸಣ್ಣನ ರಿಪೇರಿ ಅಂಗಡಿ. ಅಂಗಡಿ ಅಂದರೆ ಹಾಸಿದ ಗೋಣಿಚೀಲ, ಅದರ ಮೇಲೆ ಊರವರ ಕುಕ್ಕರು, ಮಿಕ್ಸಿ, ಕೊಡೆ. ಹೊಸದಾಗಿ ಬಂದ ಮುಖ್ಯಾಧಿಕಾರಿ ಕಾರಿಳಿದವರೇ ಗುಡುಗಿದರು: "ಊರಿನ ಅಂದ ಕೆಡ್ತಿದೆ. ಈಗಲೇ ಜಾಗ ಖಾಲಿ ಮಾಡು!"

"ಆಗಲಿ ಸಾಹೇಬ್ರೇ. ಆದ್ರೆ ಇದೆಲ್ಲ ಜನರ ಸಾಮಾನು. ನಿಮ್ಮ ಕೋಣೇಲಿ ಇಟ್ಟು ಹೋಗ್ತೀನಿ, ಬಂದವರಿಗೆ ಕೊಟ್ಟುಬಿಡಿ."

ಪೀಡೆ ತೊಲಗಿದರೆ ಸಾಕೆಂದು ಸಾಹೇಬರು ಒಪ್ಪಿದರು.

ಮರುದಿನ ಸಾಮಾನು ಕೊಟ್ಟಿದ್ದ ಹೆಂಗಸರೆಲ್ಲ ಸಾಹೇಬರ ಕೋಣೆಗೆ ಮುತ್ತಿಗೆ ಹಾಕಿದರು. ಗೌಸಣ್ಣ ಯಾವುದರ ಮೇಲೂ ಹೆಸರು ಬರೆದವನಲ್ಲ. ಮುಖ ನೋಡಿ ಸಾಮಾನು ಕೊಡುವವನು. ಸಾಹೇಬರು ಒಬ್ಬಳ ಕುಕ್ಕರಿಗೆ ಇನ್ನೊಬ್ಬಳ ಮುಚ್ಚಳ ಕೊಟ್ಟು ಬೈಸಿಕೊಂಡರು. "ನಂದಕ್ಕೆ ಇನ್ನೂ ಹಿಡಿ ಹಾಕಿಲ್ವಲ್ಲಪ್ಪ, ಹಾಕಿಕೊಡು" ಎಂದು ಅಜ್ಜಿಯೊಬ್ಬಳು ಮೇಜಿನ ಮುಂದೆ ಕೂತೇಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಗೌಸಣ್ಣನ ಮನೆ ಬಾಗಿಲಲ್ಲಿದ್ದರು. "ಬಾರಪ್ಪ, ಮರದ ಕೆಳಗೇ ಕೂತ್ಕೋ. ಮೇಲೆ ತಗಡು ಹಾಕಿಸ್ಕೊಡ್ತೀನಿ."

ಗೌಸಣ್ಣ ಆಗಲೇ ಚಪ್ಪಲಿ ಮೆಟ್ಟಿದ್ದ. "ನಡೀರಿ ಸಾಹೇಬ್ರೇ, ಸಂಜೆಯೊಳಗೆ ಆ ಕೆಂಪು ಮಿಕ್ಸಿ ಮುಗಿಸ್ಬೇಕು. ಚಟ್ನಿ ಇಲ್ದೆ ನಿಮಗೆ ದೋಸೆ ಇಳಿಯಲ್ವಂತೆ, ನಿಮ್ಮನೆ ಅಮ್ಮಾವ್ರು ಹೇಳಿದ್ರು."