ಬನ್ನಿ ಮರದ ನೆರಳು

ಬಯಲಿನ ಜಿಂಕೆ ಹಿಂಡೊಂದು ದಿನಾ ಬೆಳಿಗ್ಗೆ ದೂರದ ಬನ್ನಿ ಮರದವರೆಗೆ ಓಡಿ ಬರುತ್ತಿತ್ತು. ಹಿಂಡಿಗೆಲ್ಲ ಅಜ್ಜಿಯಾದ ಮುದಿ ಜಿಂಕೆಯದು ಒಂದೇ ಕಟ್ಟಳೆ: "ಮಾತಾಡಿಕೊಂಡು ಓಡುವಷ್ಟೇ ವೇಗ ಇರಲಿ. ತೋಳ ನಮಗಿಂತ ಜೋರಾಗಿ ಓಡುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ."

ಹರೆಯದ ಗಂಡುಜಿಂಕೆಗೆ ಈ ನಿಧಾನ ನಾಚಿಕೆಗೇಡು ಅನಿಸಿತು. ಅದು ಬಾಣದ ಹಾಗೆ ಮುಂದೆ ಚಿಮ್ಮುತ್ತಿತ್ತು. ಅರ್ಧ ದಾರಿಯ ಜಾಲಿ ಪೊದೆಯ ಹತ್ತಿರ ಏದುಸಿರು ಬಂದು ಮರೆಯಲ್ಲಿ ಮಲಗುತ್ತಿತ್ತು. ಹಿಂಡು ಮರಳುವ ಹೊತ್ತಿಗೆ ಎದ್ದು ಎಲ್ಲರಿಗಿಂತ ಮೊದಲು ಬೀಡು ಸೇರುತ್ತಿತ್ತು. "ನೀವು ಬರುವಷ್ಟರಲ್ಲಿ ಬನ್ನಿ ಮರದ ನೆರಳಲ್ಲಿ ಒಂದು ನಿದ್ದೆ ತೆಗೆದೆ" ಎಂದು ಮರಿಗಳಿಗೆ ಹೇಳುತ್ತಿತ್ತು. ಮರಿಗಳು ಮುಖ ಮುಖ ನೋಡಿಕೊಳ್ಳುತ್ತಿದ್ದವು.

ಒಂದು ದಿನ ತೋಳಗಳು ಬೆನ್ನು ಹತ್ತಿದವು. ಗಂಡುಜಿಂಕೆ ಎಂದಿನಂತೆ ಮುಂದೆ ಹಾರಿತು. ಜಾಲಿ ಪೊದೆ ಬಂದದ್ದೇ ತಡ, ಕಾಲುಗಳು ತಾವಾಗಿ ನಿಂತವು. ಮರಿಗಳು ಕೂಡ ಅದನ್ನು ದಾಟಿ ಹೋದವು. ಮುದಿ ಜಿಂಕೆ ಮಾತ್ರ ಹಿಂದೆ ಉಳಿದು, "ನಡಿಯಪ್ಪ, ನನ್ನ ಜೊತೆ ಮಾತಾಡುತ್ತಾ ಬಾ" ಎಂದಿತು. ಗಂಡುಜಿಂಕೆ ಏದುಸಿರು ಬಿಡುತ್ತಾ ಅದರ ಜೊತೆ ಓಡಿತು. ದಾರಿಯುದ್ದಕ್ಕೂ ಅಜ್ಜಿಯೊಂದೇ ಮಾತಾಡಿತು. ಬನ್ನಿ ಮರದಾಚೆಯ ಕುರಿಹಟ್ಟಿಯ ನಾಯಿಗಳು ಬೊಗಳಿದ ಮೇಲೆಯೇ ತೋಳಗಳು ಹಿಂದಿರುಗಿದ್ದು.

ಗಂಡುಜಿಂಕೆ ತಲೆ ಎತ್ತಿ ನೋಡಿತು. ಬನ್ನಿ ಮರ ಬುಡಸಮೇತ ಕಿತ್ತು ಬಿದ್ದಿತ್ತು. ಎಲೆಯೆಲ್ಲ ಒಣಗಿ ಉದುರಿತ್ತು. ಮರಿಗಳ ಕಡೆ ನೋಡಲಾರದೆ ಅದು ನೆಲ ನೋಡಿತು.

"ಇದು ಯಾವಾಗ ಬಿತ್ತು, ಅಜ್ಜಿ?"

"ಮುಂಗಾರಿನ ಮೊದಲ ಗಾಳಿಗೇ ಬಿತ್ತು. ಒಂದಲ್ಲ ಒಂದು ದಿನ ನೀನೇ ಬಂದು ನೋಡುತ್ತೀಯ ಅಂತ ನಾವು ಯಾರೂ ಹೇಳಲಿಲ್ಲ."