ಬಿಸಿಲಿನ ಪಾಲು

ಹೊಳೆ ಬಾಗುವ ಜಾಗದಲ್ಲಿ ಒಂದು ಬೇವಿನ ಮರ. ಮರದ ಕೆಳಗೆ ಎರಡು ಗುಡಿಸಲು. ಸಂಕವ್ವನ ಆಶ್ರಮವೆಂದರೆ ಅಷ್ಟೇ.

ಸಂಕವ್ವ ಪ್ರವಚನ ಹೇಳುತ್ತಿರಲಿಲ್ಲ. ತೊಗಲನ್ನು ನೆನೆಸಿ, ಸಣ್ಣ ಬಾರುಗಳಾಗಿ ಸೀಳಿ, ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆಯುತ್ತಿದ್ದಳು. ಹೆಣೆದದ್ದನ್ನು ಕುಡುಗೋಲು, ಕೊಡಲಿ, ಬಾಚಿಗಳ ಹಿಡಿಕೆಗೆ ಸುತ್ತಿ ಕೊಡುತ್ತಿದ್ದಳು. ಆ ಹಿಡಿಕೆ ಹಿಡಿದವರು ಕೈ ಜಾರಿತೆಂದು ದೂರಿದ್ದಿಲ್ಲ.

ಅಲ್ಲಿಗೆ ಒಂದು ಬೆಳಿಗ್ಗೆ ಮೋನಪ್ಪ ಬಂದ. ಪಕ್ಕದೂರಿನ ಬಡಗಿ. ಆ ಹೊಳೆಯ ಮೇಲೆ ಓಡಾಡುವ ದೋಣಿಗಳೆಲ್ಲ ಅವನು ಕಟ್ಟಿದವೇ. ಬೇಸಿಗೆಯಲ್ಲಿ ತೊಲೆಯೊಂದು ಉರುಳಿ ಅವನ ಬಲಗೈಯ ಕಿರುಬೆರಳನ್ನೂ ಉಂಗುರಬೆರಳನ್ನೂ ಜಜ್ಜಿಹಾಕಿತ್ತು. ಎರಡನ್ನೂ ತೆಗೆಸಬೇಕಾಯಿತು.

ಗಾಯ ಮಾಗಿತ್ತು. ಆದರೂ ಅವನು ಆ ಕೈಗೆ ಅರಿವೆ ಸುತ್ತಿಕೊಂಡೇ ತಿರುಗುತ್ತಿದ್ದ. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಮಾತ್ರ ಹೊರಗೆ ಇಣುಕುತ್ತಿದ್ದವು.

"ಅವ್ವಾ, ಎಲ್ಲಾ ಬಿಟ್ಟು ಬಂದೀನ್ರಿ," ಎಂದ. "ನನಗ ದೀಕ್ಷಾ ಕೊಡ್ರಿ."

ಸಂಕವ್ವ ಬಾರಿನಿಂದ ತಲೆಯೆತ್ತಲಿಲ್ಲ.

"ನೀ ಬಿಟ್ಟು ಬಂದ್ಯೋ, ಅದು ನಿನ್ನ ಬಿಟ್ಟು ಹೋತೋ?"

ಮೋನಪ್ಪ ಅರಿವೆ ಸುತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ಉಂಡೀ ಏನು?" ಎಂದು ಕೇಳಿದಳು.

"ಇಲ್ಲ."

"ಒಳಗ ರೊಟ್ಟಿ ಐತಿ. ಉಣ್ಣು. ಉಂಡು ಆ ಗಡಿಗ್ಯಾಗಿನ ತೊಗಲು ತಗೊಂಡು ಬಾ."

ಹೀಗೆ ಅವನು ಅಲ್ಲಿ ಉಳಿದ.

ಬಾರು ಸೀಳುವುದನ್ನು ಸಂಕವ್ವ ಬಾಯಲ್ಲಿ ಹೇಳಿಕೊಡಲಿಲ್ಲ. ದುಂಡಗೆ ಕತ್ತರಿಸಿದ ತೊಗಲಿನ ಅಂಚಿಗೆ ಚೂರಿ ಇಟ್ಟು, ಒಳಗೊಳಗೆ ಸುತ್ತುತ್ತ ಹೋದಳು. ಅಂಗೈಯಗಲದ ತುಂಡಿನಿಂದ ಅಂಗಳದುದ್ದಕ್ಕೂ ಒಂದೇ ಬಾರು ಹೊರಬಂತು. ಎಲ್ಲೂ ದಪ್ಪವಿಲ್ಲ, ಎಲ್ಲೂ ತೆಳುವಿಲ್ಲ.

ಮೋನಪ್ಪ ಮರದ ಕೆಲಸದಲ್ಲಿ ಪಳಗಿದ ಕಣ್ಣಿನವನು. ಒಳ್ಳೆಯ ಕೈ ಯಾವುದೆಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ. ಆ ಬಾರನ್ನು ನೋಡಿ ಅವನು ತನ್ನ ದುಃಖವನ್ನೇ ಒಂದು ಗಳಿಗೆ ಮರೆತ.

ಮೊದಲು ಅವನಿಗೆ ಸಿಕ್ಕಿದ್ದು ಹಳೆಯ ಕುಡುಗೋಲಿನ ಹಿಡಿಕೆ.

ಬಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂತ. ಬೆರಳಿಲ್ಲದವನ ಕೆಲಸ ಎಂದು ಯಾರೂ ಅನ್ನಬಾರದು ಎಂಬ ಹಠ. ಒಂದೊಂದು ಸುತ್ತನ್ನೂ ಹಲ್ಲುಕಚ್ಚಿ ಎಳೆದ. ಬೆವರು ಸುರಿಯಿತು. ಹೆಣಿಗೆ ಕಲ್ಲಿನ ಹಾಗೆ ಬಿಗಿಯಾಗಿ ಕೂತಿತು.

"ಹೆಂಗೈತ್ರಿ ಅವ್ವಾ?"

"ಬಿಸಿಲಿಗೆ ಇಡು."

ಮಧ್ಯಾಹ್ನ ಅಂಗಳದಿಂದ ಚಟ್ಟೆಂದು ಸದ್ದು ಬಂತು. ಓಡಿಹೋಗಿ ನೋಡಿದರೆ ಬಾರು ಹರಿದಿತ್ತು. ಹೆಣಿಗೆಯೆಲ್ಲ ಬಿಚ್ಚಿಕೊಂಡು ಸತ್ತ ಹಾವಿನಂತೆ ಬಿದ್ದಿತ್ತು.

"ತೊಗಲ ಛಲೋ ಇರಲಿಲ್ಲ ಅವ್ವಾ."

"ತೊಗಲ ಛಲೋನ ಇತ್ತು. ಒಣಗೂದಂದ್ರ ತೊಗಲು ಬಿಗಿಯೋದು. ನೀನೂ ಎಳದಿ, ಬಿಸಿಲೂ ಎಳೀತು. ಇಬ್ಬರೂ ಪೂರಾ ಎಳದ್ರ ಅದೇನ್ ಮಾಡ್ಬೇಕು?"

"ಹಂಗಾರ ಎಷ್ಟು ಎಳೀಬೇಕ್ರಿ?"

"ನಿನ್ನ ಪಾಲಿನಷ್ಟು."

"ನನ್ನ ಪಾಲು ಎಷ್ಟು?"

"ಬಿಸಿಲಿನ ಪಾಲು ಬಿಟ್ಟು ಉಳದಷ್ಟು."

ಮರುದಿನ ಅವನು ಸಡಿಲವಾಗಿ ಸುತ್ತಿದ. ಒಣಗಿದ ಮೇಲೆ ಸಂಕವ್ವ ಹಿಡಿಕೆಯನ್ನು ಕೈಗೆ ತೆಗೆದುಕೊಂಡು ಒಮ್ಮೆ ತಿರುವಿದಳು. ಹೆಣಿಗೆ ಬಳೆಯ ಹಾಗೆ ಸುತ್ತ ತಿರುಗಿತು. ಅವಳು ಬೈಯಲಿಲ್ಲ. ಬಾರು ಬಿಚ್ಚಿ ನೀರಿನ ಗಡಿಗೆಗೆ ಹಾಕಿದಳು.

"ಮತ್ತ ಮೆತ್ತಗಾಗ್ತೈತಿ," ಎಂದಳಷ್ಟೇ.

ಬಾರು ಎಷ್ಟು ಸಲ ಆ ಗಡಿಗೆಗೆ ಇಳಿಯಿತೋ, ಎಷ್ಟು ಸಲ ಬಿಸಿಲಿಗೆ ಹೋಯಿತೋ. ಬರಬರುತ್ತ ಮೋನಪ್ಪನ ಎಡಗೈಗೆ ಒಂದು ತಿಳಿವಳಿಕೆ ಬಂತು. ಎಳೆಯುತ್ತ ಹೋದಂತೆ ಎಲ್ಲೋ ಒಂದು ಕಡೆ ತೊಗಲೇ ಸಾಕು ಎನ್ನುತ್ತಿತ್ತು. ಅಲ್ಲಿ ನಿಲ್ಲಬೇಕು. ಇನ್ನೂ ಶಕ್ತಿ ಇರುವಾಗಲೇ ನಿಲ್ಲಬೇಕು. ಜೀವಮಾನವಿಡೀ ಶಕ್ತಿ ಮುಗಿಯುವವರೆಗೆ ದುಡಿದವನಿಗೆ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿ ಕಂಡಿತು.

ಊರಿನವರು ಕುಡುಗೋಲು, ಕೊಡಲಿ ಹಿಡಿದು ಬರುತ್ತಿದ್ದರು. ಯಾರೇ ಬಂದರೂ ಸಂಕವ್ವ ಮೊದಲು ಹತಾರ ನೋಡುತ್ತಿರಲಿಲ್ಲ.

"ಕೈ ಕೊಡು," ಎನ್ನುತ್ತಿದ್ದಳು.

ಅಂಗೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚಿ ಒತ್ತಿ ನೋಡುತ್ತಿದ್ದಳು. ಜಡ್ಡುಗಟ್ಟಿದ್ದು ಎಲ್ಲಿ, ಬೊಬ್ಬೆ ಎದ್ದದ್ದು ಎಲ್ಲಿ, ಬೆವರುವುದು ಎಲ್ಲಿ ಎಂದು. ಆಮೇಲೆ ಹೆಣೆಯಲು ಕೂತರೆ ಅವಳ ಬೆರಳುಗಳು ಮಾತಾಡಿಕೊಳ್ಳುತ್ತಿರುವ ಹಾಗೆ ಕಾಣುತ್ತಿತ್ತು. ಮೋನಪ್ಪ ತನ್ನ ಕೆಲಸ ಬಿಟ್ಟು ಅದನ್ನೇ ನೋಡುತ್ತ ಕೂತುಬಿಡುತ್ತಿದ್ದ.

ಒಮ್ಮೆ ಬದನೆ ತೋಟದ ಹೆಣ್ಣುಮಗಳೊಬ್ಬಳು ಸುತ್ತಿಸಿಕೊಂಡ ಕುಡುಗೋಲನ್ನು ಹಿಂದೆ ಮುಂದೆ ತಿರುಗಿಸಿ ಬೆರಗಾದಳು.

"ಯವ್ವಾ, ಬಾರಿನ ತುದಿನ ಕಾಣವಲ್ದಲ್ಲ! ಎಲ್ಲಿ ಹೋತು?"

"ಒಳಗ ಹೋಗೇತಿ."

"ಯಾಕ ಹಂಗ?"

"ಹೊರಗ ಇದ್ರ ಬಂದವ್ರೆಲ್ಲಾ ಹಿಡಿದು ಎಳೀತಾರ."

ಆ ಸಂಜೆ ಮೋನಪ್ಪ ಮತ್ತೆ ದೀಕ್ಷೆಯ ಮಾತೆತ್ತಿದ. ಸಂಕವ್ವ ಅವನ ಅರಿವೆ ಸುತ್ತಿದ ಕೈಯನ್ನು ನೋಡಿದಳು. ದೀಪ ಹಚ್ಚಲು ಎದ್ದಳು.

ಎಲ್ಲರ ಕೈ ಕೇಳುವ ಅವ್ವ ನನ್ನ ಕೈ ಯಾಕೆ ಕೇಳುವುದಿಲ್ಲ ಎಂದು ಮೋನಪ್ಪ ಯೋಚಿಸಿದ. ಕೇಳಿದರೆ ಕೊಡುತ್ತೇನೆಯೇ ಎಂದೂ ಯೋಚಿಸಿದ. ಎರಡನೆಯದಕ್ಕೆ ಉತ್ತರ ಗೊತ್ತಿತ್ತು.

ಅಷ್ಟರಲ್ಲಿ ಘಟ್ಟದ ಕಡೆ ಮಳೆ ಹಿಡಿಯಿತು. ಇಲ್ಲಿ ಆಕಾಶದಲ್ಲಿ ಒಂದು ಮೋಡವೂ ಇಲ್ಲ. ಹೊಳೆ ಮಾತ್ರ ಕೆಂಪಗಾಗಿ, ದಂಡೆಯ ಕಲ್ಲುಗಳನ್ನು ಒಂದೊಂದಾಗಿ ನುಂಗುತ್ತ ಏರತೊಡಗಿತು.

ಒಂದು ಬೆಳಿಗ್ಗೆ ಅಂಬಿಗ ಜಟ್ಟೆಪ್ಪ ಏದುಸಿರು ಬಿಡುತ್ತ ಬಂದ. ಅವನ ಕೈಯಲ್ಲಿ ಮರ ಕೆತ್ತುವ ಒಂದು ಬಾಚಿ ಇತ್ತು.

"ಮೋನಪ್ಪಾ, ದೋಣಿ ಬಂಡೆಗಿ ಬಡೀತು. ಅಡಿ ಹಲಗಿ ಒಡದೈತಿ. ಹೆಂಗೋ ಈ ದಂಡಿ ಮುಟ್ಟೀನಿ. ನಡುಗಡ್ಡಿ ಮಂದಿ ಎಲ್ಲಾ ಅಲ್ಲೇ ಅದಾರ. ಕೂಸು ಕುನ್ನಿ, ದನ ಕರು. ನೀರು ಹಿಂಗ ಏರಿದ್ರ ನಾಳಿಗೆ ಅವರ ಗುಡಿಸಲದಾಗ ಹೊಕ್ಕತೈತಿ."

"ಬ್ಯಾರೆ ದೋಣಿ?"

"ಎಲ್ಲಿ ಐತಿ? ಉಳದವೆಲ್ಲಾ ನೀರಿಗೆ ಕೊಚ್ಚಿ ಹೋದ್ವು. ಐತಿ ಅನ್ನೂದು ಇದೊಂದ. ನೀ ಕಟ್ಟಿದ್ದು."

ಅವನು ಬಾಚಿಯನ್ನು ಮುಂದೆ ಹಿಡಿದ.

"ನಿನ್ನದ. ನಿನ್ನ ಮನಿಯಾಕಿ ನೀಲವ್ವ ಕೊಟ್ಟು ಕಳಿಸ್ಯಾಳ. ಹಲಗಿ, ಮೊಳಿ, ರಾಳಾನೂ ತಂದು ದಂಡ್ಯಾಗ ಇಟ್ಟೀನಿ."

ಮೋನಪ್ಪ ಹಿಂದೆ ಸರಿದ.

"ನನ್ನ ಕೈಲಿ ಆಗಂಗಿಲ್ಲ. ಬಾಚಿ ಹಿಡಿಯೂದು ಹೆಬ್ಬೆರಳಿನಿಂದ ಅಂತ ತಿಳದಿದ್ದೆ. ಹೋದ ಮ್ಯಾಲೆ ಗೊತ್ತಾತು, ಹಿಡಿತ ಎಲ್ಲಾ ಇದ್ದದ್ದು ಕಿರುಬೆರಳಿನ್ಯಾಗ. ಬೀಸಿದ್ರ ಕೈಯಾಗ ತಿರುಗತೈತಿ. ತಿರುಗಿ ಕಾಲ ಮ್ಯಾಲೆ ಬೀಳತೈತಿ. ಬ್ಯಾರೆ ಯಾರನ್ನಾದ್ರೂ ಕರಿ."

"ಕರ್ಯಾಕ ಯಾರದಾರ ಹೇಳು?"

ಮೋನಪ್ಪ ಬಲಗೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

ಆಗ ಸಂಕವ್ವ ಎದ್ದು ಅವನ ಎದುರಿಗೆ ಬಂದಳು.

"ಕೈ ಕೊಡು."

ಅವನು ಎಡಗೈ ಚಾಚಿದ.

"ಅದಲ್ಲ."

ಜಟ್ಟೆಪ್ಪ ಮುಖ ಬೇರೆ ಕಡೆ ತಿರುಗಿಸಿಕೊಂಡ. ಮೋನಪ್ಪ ಅರಿವೆಯ ಗಂಟು ಬಿಚ್ಚಿದ. ಬಿಸಿಲು ಕಾಣದೆ ಬಿಳಿಚಿದ ಆ ಕೈಯನ್ನು ಸಂಕವ್ವ ತನ್ನ ಎರಡು ಕೈಗಳ ನಡುವೆ ತೆಗೆದುಕೊಂಡಳು. ಎಲ್ಲರ ಕೈ ನೋಡಿದಂತೆಯೇ ಕಣ್ಣು ಮುಚ್ಚಿ ನೋಡಿದಳು. ಮೊಂಡಾದ ಬುಡಗಳನ್ನು ಒತ್ತಿದಳು, ಅಂಗೈಯ ಅಂಚನ್ನು ಒತ್ತಿದಳು. ಅವಸರ ಮಾಡಲಿಲ್ಲ, ಅಯ್ಯೋ ಎನ್ನಲಿಲ್ಲ.

ಮೋನಪ್ಪನ ಕಣ್ಣಿನಿಂದ ನೀರು ಇಳಿಯಿತು. ಬೆರಳು ಹೋದ ದಿನವೂ ಅವನು ಅತ್ತಿರಲಿಲ್ಲ.

"ಸುತ್ತಿ ಕೊಡ್ರಿ ಅವ್ವಾ," ಎಂದ. "ನಿಮ್ಮ ಕೈಲೆ ಸುತ್ತಿ ಕೊಡ್ರಿ. ಬೀಸ್ತೀನಿ."

"ನೀನ ಸುತ್ತು."

"ನಿಮ್ಮಂಗ ನನಗ ಬರಂಗಿಲ್ಲ."

"ಹೌದು, ಬರಂಗಿಲ್ಲ. ಆದ್ರ ಬಾಚಿ ಎಲ್ಲಿ ಜಾರತೈತಿ ಅನ್ನೂದು ನನ್ನ ಕೈಗಿ ಗೊತ್ತಿಲ್ಲ. ನಿನ್ನ ಕೈಗಿ ಗೊತ್ತೈತಿ."

ಹಾಗೆಂದು ಅವಳು ತನ್ನ ಜಾಗಕ್ಕೆ ಹೋಗಿ ಕೂತುಬಿಟ್ಟಳು.

ಮೋನಪ್ಪ ಬಾಚಿಯನ್ನು ಹಿಡಿದು ಕಣ್ಣು ಮುಚ್ಚಿದ. ಮೆಲ್ಲಗೆ ಬೀಸಿದ. ಹಿಡಿಕೆ ತಿರುಗಿತು. ಮತ್ತೆ ಬೀಸಿದ. ಎಲ್ಲಿ ಖಾಲಿ, ಎಲ್ಲಿ ತುಂಬಬೇಕು ಎಂದು ಆ ಕೈಯನ್ನೇ ಕೇಳಿದ. ಇಷ್ಟು ದಿನ ಅದನ್ನು ಅವನು ಮುಚ್ಚಿಟ್ಟಿದ್ದ. ಈಗ ಕೇಳಿದರೆ ಅದು ಹೇಳಿತು.

ನೆನೆದ ತೊಗಲಿನ ಪಟ್ಟಿಯನ್ನು ಮಡಿಸಿ, ಕಿರುಬೆರಳು ಇರಬೇಕಿದ್ದ ಕಡೆ ಒಂದು ಉಬ್ಬು ಮಾಡಿದ. ಅಂಗೈಯ ಅಂಚು ಅದಕ್ಕೆ ಆತುಕೊಳ್ಳುವಂತೆ ಕೂರಿಸಿದ. ಅದರ ಮೇಲೆ ಹೆಣೆಯುತ್ತ ಹೋದ. ಕೊನೆಗೆ ಮಣಿಕಟ್ಟಿಗೆ ಹಾಕಿಕೊಳ್ಳಲು ಒಂದು ಕುಣಿಕೆ ಬಿಟ್ಟು, ತುದಿಯನ್ನು ಒಳಗೆ ತೂರಿಸಿದ.

"ಸರಿ ಐತೇನ್ರಿ ಅವ್ವಾ?"

"ನನಗ್ಯಾಕ ಕೇಳ್ತಿ?"

ಜಟ್ಟೆಪ್ಪನಿಗೆ ತಡೆಯಲಾಗಲಿಲ್ಲ. "ಆತಲ್ಲ, ಇನ್ನ ನಡಿ! ನೀರು ನೋಡು!"

ಮೋನಪ್ಪ ಹೊಳೆಯ ಕಡೆ ನೋಡಿದ. ಬೆಳಿಗ್ಗೆ ಕಾಣುತ್ತಿದ್ದ ಜಾಲಿಯ ಗಿಡದ ತಲೆಯಷ್ಟೇ ಈಗ ಕಾಣುತ್ತಿತ್ತು. ಹಸಿಯಾಗಿದ್ದರೇನಂತೆ, ಬೀಸಿದರಾಯಿತು ಎನಿಸಿತು. ಸಂಕವ್ವನ ಕಡೆ ತಿರುಗಿದ. ಅವಳು ಬೆನ್ನು ಹಾಕಿ ಕೂತು ತನ್ನ ಪಾಡಿಗೆ ಬಾರು ಸೀಳುತ್ತಿದ್ದಳು.

ಅವನು ಬಾಚಿಯನ್ನು ಬಂಡೆಯ ಮೇಲೆ, ಬಿಸಿಲಿಗೆ ಇಟ್ಟ.

"ಹಸೀದು ಬೀಸಿದ್ರ ಮೊದಲನೇ ಏಟಿಗೇ ಬಿಚ್ಚತೈತಿ ಜಟ್ಟೆಪ್ಪಾ. ಆಮ್ಯಾಲೆ ಬಾಚೀನೂ ಇಲ್ಲ, ದೋಣೀನೂ ಇಲ್ಲ. ನನ್ನ ಪಾಲಿಂದು ಮುಗೀತು. ಉಳದದ್ದು ಬಿಸಿಲಿಂದು."

"ಅಲ್ಲಿತನಕ ಏನ್ ಮಾಡೂದು? ಕೈ ಕಟ್ಟಿ ಕೂಡೂದು?"

"ದೋಣಿ ಎಳೀಯೂಣು ನಡಿ. ಒಡದ ಹಲಗಿ ಕೀಳೂಣು. ಹೊಸಾ ಹಲಗಿ ಗೆರಿ ಹಾಕಿ ಇಡೂಣು. ಅದಕ್ಕೇನು ಬಾಚಿ ಬೇಕಾಗಂಗಿಲ್ಲ."

ಇಬ್ಬರೂ ಸೇರಿ ದೋಣಿಯನ್ನು ದಡದ ಮೇಲಕ್ಕೆ ಎಳೆದರು. ಮಗುಚಿ ಹಾಕಿದರು. ಒಡೆದದ್ದನ್ನು ಕಿತ್ತು ತೆಗೆದರು. ಹೊತ್ತು ನೆತ್ತಿಗೇರಿ ಇಳಿಯತೊಡಗಿತು. ಕಲ್ಲು ಸುಡುವ ಬಿಸಿಲು. ನೀರು ಏರುತ್ತಲೇ ಇತ್ತು, ಮೋನಪ್ಪ ಬಂಡೆಯ ಕಡೆ ಹೋಗಿ ಹಿಡಿಕೆ ಮುಟ್ಟಿ ಬರುತ್ತಲೇ ಇದ್ದ.

ಕೊನೆಗೊಮ್ಮೆ ಮುಟ್ಟಿದಾಗ ಅದು ಕೋಡಿನ ಹಾಗೆ ಗಟ್ಟಿಯಾಗಿತ್ತು.

ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿಕೊಂಡ. ಹಿಡಿದ. ಅಂಗೈಯ ಅಂಚು ಉಬ್ಬಿನ ಮೇಲೆ ಹೋಗಿ ಕೂತಿತು. ಹಲಗೆಯ ಮೇಲೆ ಮೊದಲ ಏಟು ಹಾಕಿದ.

ಬಾಚಿ ತಿರುಗಲಿಲ್ಲ. ತೆಳ್ಳನೆಯ ಚಕ್ಕೆಯೊಂದು ಎದ್ದು, ಸುರುಳಿಯಾಗಿ ಅವನ ಪಾದದ ಬಳಿ ಬಿತ್ತು.

ಹೊಸದಾಗಿ ಕೆತ್ತಿದ ಮರದ ವಾಸನೆ ಮೂಗಿಗೆ ಬಂತು. ಮೋನಪ್ಪ ಕ್ಷಣ ನಿಂತ. ಆಮೇಲೆ ನಿಲ್ಲಲಿಲ್ಲ. ಮೊದಮೊದಲು ಏಟು ಅಡ್ಡಾದಿಡ್ಡಿ ಬಿದ್ದವು, ನಿಧಾನವಾಗಿ ತಾಳಕ್ಕೆ ಬಂದವು. ನೋವು ಮೊಣಕೈವರೆಗೆ ಏರಿದಾಗ ಕೈ ಕೊಡವಿಕೊಂಡ, ಮತ್ತೆ ಹಿಡಿದ. ಜಟ್ಟೆಪ್ಪ ಹಲಗೆ ಒತ್ತಿ ಹಿಡಿದುಕೊಂಡ. ಮೊಳೆ ಬಡಿದು, ಸಂದಿಗೆ ಹತ್ತಿ ತುರುಕಿ, ಕಾಸಿದ ರಾಳ ಸವರುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು.

ರಾಳ ಹಚ್ಚುತ್ತ ಜಟ್ಟೆಪ್ಪ ಕೇಳಿದ, "ನೀ ಸನ್ಯಾಸಿ ಆದಿ ಅಂತ ಊರಾಗ ಅಂತಿದ್ರು. ಹೌದೇನು?"

"ಬಡಿಗ್ಯಾ ಅದೀನಿ," ಎಂದ ಮೋನಪ್ಪ. ಹೇಳಿದ ಮೇಲೆ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡ.

ಬೆಳಕು ಹರಿಯುತ್ತಲೇ ದೋಣಿ ನೀರಿಗಿಳಿಯಿತು. ಜಟ್ಟೆಪ್ಪ ಹುಟ್ಟು ಹಾಕುತ್ತ ನಡುಗಡ್ಡೆಯತ್ತ ಸಾಗಿದ. ದಂಡೆಯ ಮೇಲೆ ಸಂಕವ್ವ, ಅವಳ ಪಕ್ಕದಲ್ಲಿ ಮೋನಪ್ಪ. ಅವನ ಬಲಗೈ ಬರಿದಾಗಿ ಗಾಳಿಗೆ ತೆರೆದಿತ್ತು.

ದೋಣಿ ಕೆಂಪು ನೀರಿನಲ್ಲಿ ಹೊಯ್ದಾಡುತ್ತ ಮರೆಯಾಯಿತು. ಬಹಳ ಹೊತ್ತಿನ ಮೇಲೆ ಮತ್ತೆ ಕಾಣಿಸಿತು. ಈಗ ಅದರ ತುಂಬ ಜನ. ಎದೆಗೆ ಕೂಸು ಅವಚಿಕೊಂಡ ಹೆಂಗಸರು, ಗಂಟುಮೂಟೆ, ತೊಡೆಯ ಮೇಲೆ ಆಡಿನ ಮರಿ ಇಟ್ಟುಕೊಂಡ ಮುದುಕ. ಒಂದು ಹನಿ ನೀರೂ ಒಳಗೆ ಬಂದಿಲ್ಲವೆಂದು ಜಟ್ಟೆಪ್ಪ ದೂರದಿಂದಲೇ ಕೈಯೆತ್ತಿ ತೋರಿಸಿದ.

ಮೋನಪ್ಪನ ಕಣ್ಣು ಮಾತ್ರ ದೋಣಿ ನೀರು ಮುಟ್ಟುವಲ್ಲೇ ಇತ್ತು.

"ಆ ಅಡಿ ಹಲಗಿ ಸ್ವಲ್ಪ ಒರಟಾತು ಅವ್ವಾ," ಎಂದ. "ಐದು ಬೆರಳು ಇದ್ದಾಗಿನ ಕೆಲಸ ಆಗಿದ್ರ ಇನ್ನೂ ನುಣುಪು ಬರತಿತ್ತು."

ಸಂಕವ್ವ ಕಣ್ಣಿಗೆ ಕೈ ಅಡ್ಡ ಹಿಡಿದು, ದಂಡೆಗೆ ಹತ್ತಿರವಾಗುತ್ತಿದ್ದ ದೋಣಿಯನ್ನು ನೋಡಿದಳು.

"ಅದರಾಗ ಕುಂತವ್ರನ್ನ ಕೂಗಿ ಕೇಳು ಮೋನಪ್ಪಾ, ಅವ್ರು ಎಷ್ಟು ಬೆರಳಿನ ದೋಣ್ಯಾಗ ಕುಂತಾರಂತ."