ಕೂರಲಾರದ ಫಕೀರವ್ವ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ನನಗೆ ಹೇಳಿದ ಮುದುಕಿಗೂ ಗೊತ್ತಿರಲಿಲ್ಲ, ಆಕೆಗೆ ಹೇಳಿದ ಮುದುಕಿಗೂ ಗೊತ್ತಿರಲಿಲ್ಲ. ವರದಾ ಹೊಳೆಯ ಸೀಮೆಯಲ್ಲಿ ಬಳ್ಳಿಗೇರಿ ಅಂತ ಒಂದು ಊರು. ಊರ ಸುತ್ತ ಎಲೆತೋಟ. ಅಲ್ಲಿಯ ವೀಳ್ಯದೆಲೆ ಬಾಯಿಗಿಟ್ಟರೆ ಅಗಿಯುವ ಮೊದಲೇ ಕರಗುತ್ತಿತ್ತಂತೆ. ಆ ಊರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು.

ಕೂರುವುದು ಅಂದರೇನು ಅಂತ ಆಕೆಗೆ ಗೊತ್ತಿರಲಿಲ್ಲವಂತೆ. ತೊಟ್ಟಿಲಿಗೆ ಹಾಕಿದರೆ ಯಾರೂ ತೂಗದೆಯೇ ತೊಟ್ಟಿಲು ತೂಗುತ್ತಿತ್ತಂತೆ. ಮದುವೆಯ ದಿನ ಆಕೆ ಹಸೆಮಣೆಯಿಂದ ಎದ್ದು ಎದ್ದು ಹೋದದ್ದಕ್ಕೆ, ಬಂದವರು ಖಾಲಿ ಮಣೆಗೆ ಅಕ್ಷತೆ ಹಾಕಿ ಹೋದರಂತೆ. ಉಣ್ಣುವುದೂ ಅಡ್ಡಾಡುತ್ತಲೇ. "ಈಕಿ ಕಾಲಿಗೆ ಚಕ್ರ ಕಟ್ಟಿ ಕಳಿಸ್ಯಾನ ದೇವರು" ಅಂತ ಅತ್ತೆ ಅನ್ನುತ್ತಿದ್ದಳಂತೆ.

ಸುಗ್ಗಿ ಮುಗಿದು ಕಣ ಖಾಲಿಯಾದರೆ ಬಳ್ಳಿಗೇರಿಯ ಹೆಂಗಸರು ಖೋ ಖೋ ಆಡುತ್ತಿದ್ದರು. ಆಟ ನಿಮಗೆ ಗೊತ್ತಿದ್ದದ್ದೇ. ಎಂಟು ಮಂದಿ ಸಾಲಾಗಿ ಕೂರಬೇಕು, ಒಬ್ಬಳ ಮುಖ ಆಚೆ, ಪಕ್ಕದವಳ ಮುಖ ಈಚೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಬೇಕು. ಅಟ್ಟುವವಳು ಹಿಂದಕ್ಕೆ ತಿರುಗುವಂತಿಲ್ಲ, ಸಾಲಿನ ನಡುವೆ ನುಸುಳುವಂತಿಲ್ಲ. ಎದುರಾಳಿ ನುಸುಳಿ ಆಚೆ ಹೋದಳೋ, ಆಚೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ 'ಖೋ' ಅನ್ನಬೇಕು. ಅವಳು ಏಳಬೇಕು, ಇವಳು ಅವಳ ಜಾಗದಲ್ಲಿ ಕೂರಬೇಕು.

ಆ ಕೂರುವುದೇ ಫಕೀರವ್ವನಿಗೆ ಆಗುತ್ತಿರಲಿಲ್ಲ. ಖೋ ಕೊಟ್ಟು ಕೂತರೂ ಕುಂಡಿ ನೆಲಕ್ಕೆ ಹತ್ತುತ್ತಿರಲಿಲ್ಲ. ಅದರಲ್ಲೂ ಸಾಲಿನಲ್ಲಿ ತಿಪ್ಪವ್ವ ಅನ್ನುವವಳೊಬ್ಬಳಿದ್ದಳು. ತೂಕದ ಮೈ, ನಿಧಾನದ ನಡೆ. ಅವಳಿಗೆ ಫಕೀರವ್ವ ಒಮ್ಮೆಯೂ ಖೋ ಕೊಡುತ್ತಿರಲಿಲ್ಲ, ಹಾಯ್ದು ಮುಂದಿನವಳ ಬೆನ್ನು ಮುಟ್ಟುತ್ತಿದ್ದಳು. ಆಟ ಮುಗಿಯುವ ತನಕ ತಿಪ್ಪವ್ವ ಕೂತಲ್ಲೇ ಕೂತಿರುತ್ತಿದ್ದಳಂತೆ.

ಆ ಕಾಲಕ್ಕೆ ಊರಿಗೊಂದು ಕಷ್ಟ ಬಂತು. ಪೇಟೆ ಇದ್ದದ್ದು ನಾಲ್ಕು ಹರದಾರಿ ದೂರ. ಎತ್ತಿನ ಗಾಡಿಯಲ್ಲಿ ಹೇರಿದ ಎಲೆ ಬೇಸಗೆಯಲ್ಲಿ ಪೇಟೆ ಮುಟ್ಟುವಾಗ ಬೇಯಿಸಿದ ಸೊಪ್ಪಿನ ಹಾಗೆ ಆಗಿರುತ್ತಿತ್ತು. ಪೇಟೆಯ ಎಲೆ ವ್ಯಾಪಾರಿ ಮೋದಿನಸಾಬ ಒಳ್ಳೆಯವನೇ. ಆದರೆ ಅವನೂ ಎಷ್ಟು ದಿನ ಸಹಿಸಿಯಾನು? ಹೀಗೇ ಆದರೆ ಬೇರೆ ಊರಿನ ಎಲೆ ನೋಡಿಕೊಳ್ಳುತ್ತೇನೆ ಅಂತ ಹೇಳಿ ಕಳಿಸಿದನಂತೆ. ಬಳ್ಳಿ ಕಿತ್ತು ಜೋಳ ಬಿತ್ತೋಣ ಅಂತ ಗಂಡಸರು ಚಾವಡಿಯಲ್ಲಿ ಕೂತು ಮಾತಾಡತೊಡಗಿದರು.

ಅವರು ಮಾತಾಡುತ್ತಿದ್ದಾಗಲೇ ಫಕೀರವ್ವ ಒಂದು ಬುಟ್ಟಿ ಎಲೆ ತಲೆಗೇರಿಸಿ ಹೊರಟೇಬಿಟ್ಟಳಂತೆ. ಬಿಸಿಲೇರುವ ಮೊದಲೇ ಪೇಟೆ ಮುಟ್ಟಿದಳಂತೆ. ಎಲೆ ಬಳ್ಳಿಯ ಮೇಲಿದ್ದ ಹಾಗೇ ಇತ್ತಂತೆ. ಆದರೆ ಒಂದು ಬುಟ್ಟಿಯಿಂದ ಊರು ಉಂಡೀತೇ? ತಿರುಗಿ ಬರುವ ದಾರಿಯುದ್ದಕ್ಕೂ ಆಕೆಯ ತಲೆಯೂ ಕಾಲಿನ ಹಾಗೇ ಓಡಿತು. ಊರಿಗೆ ಬಂದವಳೇ ಖೋ ಖೋದ ಎಂಟೂ ಮಂದಿಯನ್ನು ಕರೆದಳು.

ನಾಲ್ಕು ಹರದಾರಿಯನ್ನು ಒಂಬತ್ತು ತುಂಡು ಮಾಡೋಣ ಅಂದಳಂತೆ. ತುಂಡಿಗೊಬ್ಬಳು ಕೂರಬೇಕು. ಬುಟ್ಟಿ ಬಂದರೆ ಎದ್ದು ಓಡಬೇಕು, ಮುಂದಿನವಳ ಬೆನ್ನು ಮುಟ್ಟಿ ಖೋ ಅಂದು ಬುಟ್ಟಿ ದಾಟಿಸಬೇಕು. ದಮ್ಮು ತಗೊಂಡು ತನ್ನ ಜಾಗಕ್ಕೆ ತಿರುಗಿ ಬರುವಷ್ಟರಲ್ಲಿ ಇನ್ನೊಂದು ಬುಟ್ಟಿ ಬಂದಿರುತ್ತದೆ. ಯಾರೂ ದಣಿಯುವುದಿಲ್ಲ, ಎಲೆ ಎಲ್ಲೂ ನಿಲ್ಲುವುದಿಲ್ಲ.

ನಡೆಯಿತು! ಕೋಳಿ ಕೂಗುವ ಹೊತ್ತಿಗೆ ಹೊರಟ ಬುಟ್ಟಿಗಳು ಬಿಸಿಲೇರುವ ಮೊದಲು ಮೋದಿನಸಾಬನ ಅಂಗಡಿಯ ಕಟ್ಟೆಯ ಮೇಲಿರುತ್ತಿದ್ದವು. ಎಲೆ ಮುರಿದರೆ ಚಟ್ ಅಂತಿತ್ತಂತೆ. ತೋಟ ಉಳಿದವು.

ಆದರೆ ಫಕೀರವ್ವನ ಚಡಪಡಿಕೆ ಹೋಗಲಿಲ್ಲ. ಆಕೆಯದು ನಾಲ್ಕನೆಯ ಜಾಗ. ಬುಟ್ಟಿ ಬರುವುದನ್ನು ಕಾಯಲಾರದೆ ಹಿಂದಕ್ಕೆ ಓಡಿ ಮೂರನೆಯವಳ ತಲೆಯಿಂದ ಕಿತ್ತುಕೊಳ್ಳುತ್ತಿದ್ದಳು. ಐದನೆಯ ಜಾಗ ತಿಪ್ಪವ್ವನದು, ಒಂದು ಹಳ್ಳದ ದಂಡೆ. ಹಳ್ಳ ದಾಟಿಸಿ ಆಚೆ ಕೂತ ಕಲ್ಲವ್ವನಿಗೆ ಬುಟ್ಟಿ ಕೊಡುವುದಷ್ಟೇ ಅವಳ ಕೆಲಸ. ಅದನ್ನೂ ಫಕೀರವ್ವ ಬಿಟ್ಟುಕೊಡಲಿಲ್ಲ. ಕೂತ ತಿಪ್ಪವ್ವನ ಪಕ್ಕದಲ್ಲೇ ಹಾಯ್ದು, ತಾನೇ ಹಳ್ಳ ದಾಟಿ ಕಲ್ಲವ್ವನಿಗೆ ಖೋ ಕೊಡುತ್ತಿದ್ದಳು.

ಒಂದು ದಿನ ತಿಪ್ಪವ್ವ ಕೇಳಿದಳಂತೆ, "ಖೋ ಕೊಡಾಂಗಿಲ್ಲ ಅಂದಮ್ಯಾಲ ನನ್ನ ಯಾಕ ಕುಂದ್ರಿಸೀಯಬೇ ಅಕ್ಕಾ?"

"ನೀ ಏಳೂದ್ರಾಗ ಎಲಿ ಬಾಡತಾವು" ಅಂದು ಫಕೀರವ್ವ ಹೊರಟೇಹೋದಳಂತೆ. ತಿಪ್ಪವ್ವ ಮತ್ತೆ ಹಳ್ಳದ ಕಡೆ ಮುಖ ಮಾಡಿ ಕೂತಳು.

ಹೀಗಿರುವಾಗ ಪೇಟೆಯ ದೇಸಾಯರ ಮನೆಯಲ್ಲಿ ಮದುವೆ ಬಂತು. ಒಂಬತ್ತು ಬುಟ್ಟಿ ಎಲೆ, ತಾಂಬೂಲದ ಹೊತ್ತಿಗೆ, ಒಂದೂ ಬಾಡಿರಬಾರದು. ಮೋದಿನಸಾಬ ತನ್ನ ಮಾತು ಒತ್ತೆಯಿಟ್ಟು ಬಂದಿದ್ದನಂತೆ. ಈ ಸಲ ತಪ್ಪಿದರೆ ನನ್ನ ಅಂಗಡಿಯೂ ಇಲ್ಲ, ನಿಮ್ಮ ತೋಟವೂ ಇಲ್ಲ ಅಂದಿದ್ದನಂತೆ.

ಹಿಂದಿನ ಸಂಜೆ ಮೇಲಿನ ಸೀಮೆಯಲ್ಲಿ ಅಡ್ಡಮಳೆ ಬಿದ್ದಿತ್ತು. ಬಳ್ಳಿಗೇರಿಯಲ್ಲಿ ಒಂದು ಹನಿಯೂ ಇಲ್ಲ. ಬೆಳಗ್ಗೆ ಮೊದಲ ಬುಟ್ಟಿ ಬಂತು. ಫಕೀರವ್ವ ಹೊತ್ತಳು, ಓಡಿದಳು. ಹಳ್ಳದ ದಂಡೆಯಲ್ಲಿ ತಿಪ್ಪವ್ವ ಆಗಲೇ ಎದ್ದು ನಿಂತು ಎರಡೂ ಕೈ ಅಡ್ಡ ಹಿಡಿದಿದ್ದಳು. "ಇಲ್ಲಿ ಬ್ಯಾಡ! ನೀರು ಕೆಂಪಾಗೈತಿ, ತಳ ಕೊಚ್ಚಿ ಹೋಗೈತಿ!" ಅಂತ ಕೂಗಿದಳು. ಫಕೀರವ್ವನಿಗೆ ಕೇಳಿಸಿತು. ಕೇಳಿಸಿದರೂ ಕಾಲು ನಿಲ್ಲಲಿಲ್ಲ. ತೋಳಿನ ಕೆಳಗೆ ನುಸುಳಿ ನೀರಿಗಿಳಿದಳು.

ಮೂರು ಹೆಜ್ಜೆಗೆ ನೆಲವೇ ಇರಲಿಲ್ಲವಂತೆ. ಬುಟ್ಟಿ ಹೋಯಿತು. ಎರಡು ಬಂಡೆಗಳ ನಡುವೆ ಕಾಲು ಸಿಕ್ಕಿ ಲಟಕ್ ಅಂತು. ತಿಪ್ಪವ್ವ ಎದೆಮಟ್ಟ ನೀರಿಗಿಳಿದು, ತುರುಬು ಹಿಡಿದು ಎಳೆದು ದಂಡೆಗೆ ಹಾಕಿದಳಂತೆ. ಹಸಿರು ಎಲೆಗಳು ಕೆಂಪು ನೀರಿನ ಮೇಲೆ ಹರಡಿಕೊಂಡು ಹೋಗುತ್ತಿದ್ದವು. ಫಕೀರವ್ವ ಏಳಲು ನೋಡಿದಳು, ಬಿದ್ದಳು. ಮತ್ತೆ ನೋಡಿದಳು, ಮತ್ತೆ ಬಿದ್ದಳು.

"ಕುಂದ್ರು" ಅಂದಳಂತೆ ತಿಪ್ಪವ್ವ.

ಅಷ್ಟರಲ್ಲಿ ಮೂರನೆಯವಳು ಎರಡನೆಯ ಬುಟ್ಟಿ ಹೊತ್ತು ನಾಲ್ಕನೆಯ ಜಾಗದಲ್ಲಿ ಯಾರೂ ಇಲ್ಲದ್ದು ಕಂಡು ಹಳ್ಳದ ತನಕ ಬಂದಳು. ಇನ್ನು ಮೇಲೆ ಇಲ್ಲಿಯ ತನಕವೂ ನೀನೇ ತರಬೇಕು ಅಂತ ತಿಪ್ಪವ್ವ ಅವಳಿಗೆ ಹೇಳಿದಳು. ಬುಟ್ಟಿ ತಲೆಗೇರಿಸಿ, ದಾರಿ ಬಿಟ್ಟು ಮೇಲಕ್ಕೆ ಹೋಗಿ, ಲಕ್ಕಿ ಗಿಡದ ಮೆಳೆಯ ಹತ್ತಿರ ನೀರಿಗಿಳಿದಳು. ಅಲ್ಲಿ ನೀರೊಳಗೆ ಒಂದು ಹಾಸುಬಂಡೆಯಿತ್ತು. ಅಷ್ಟು ದಿನ ಕೂತಲ್ಲೇ ಕೂತು ನೀರು ನೋಡಿದವಳಿಗೆ ಅದು ಅಂಗೈಗೆರೆಯಷ್ಟು ಗೊತ್ತು. ಒಂದು ಕಾಲು ಊರಿ, ತಡವಿ, ಇನ್ನೊಂದು ಕಾಲು ಊರಿ.

ಫಕೀರವ್ವನಿಗೆ ಮುರಿದ ಕಾಲಿನ ನೋವಿಗಿಂತ ಆ ನಿಧಾನದ ನೋವೇ ದೊಡ್ಡದಾಯಿತಂತೆ. ಬಾಯಿಗೆ ಸೆರಗು ತುರುಕಿಕೊಂಡಳು. ಮುಷ್ಟಿಯಿಂದ ಮರಳು ಗುದ್ದಿದಳು. ಬಿಸಿಲು ಏರುತ್ತಿತ್ತು, ತಿಪ್ಪವ್ವ ಹೋಗುತ್ತಿದ್ದಳು, ಬರುತ್ತಿದ್ದಳು. ಓಡು ಅಂತ ಕೂಗಬೇಕು ಅನ್ನಿಸುತ್ತಿತ್ತು, ಕೂಗಿದರೆ ಅವಳ ಕಾಲು ಜಾರೀತು. ಬದುಕಿನಲ್ಲಿ ಮೊದಲ ಸಲ ಆಕೆ ಬಾಯಿ ಮುಚ್ಚಿ ಕೂತು ನೋಡಿದಳು.

ನೋಡುತ್ತಿದ್ದದ್ದಕ್ಕೇ ಕಂಡಿತು. ಐದನೆಯ ಬುಟ್ಟಿ ನಡುಹಳ್ಳದಲ್ಲಿತ್ತು. ಮೇಲಿನ ತಿರುವಿನಿಂದ ಬೇರುಸಮೇತ ಒಂದು ಜಾಲಿಯ ಮರ ಉರುಳಿಕೊಂಡು ಬರುತ್ತಿತ್ತು. ತಿಪ್ಪವ್ವನ ಮುಖ ಆಚೆ ದಂಡೆಗೆ, ಕಣ್ಣು ಕಾಲಿನ ಮೇಲೆ. ಅವಳಿಗೆ ಕಾಣುವಂತಿಲ್ಲ.

"ತಿಪ್ಪವ್ವಾ, ನಿಂದ್ರು!"

ಇನ್ನೊಬ್ಬಳಾಗಿದ್ದರೆ ಯಾಕೆ ಅಂತ ತಿರುಗುತ್ತಿದ್ದಳು. ತಿಪ್ಪವ್ವ ತಿರುಗಲಿಲ್ಲ, ಯಾಕೆ ಅನ್ನಲಿಲ್ಲ, ಎತ್ತಿದ ಕಾಲನ್ನು ಇದ್ದಲ್ಲೇ ಊರಿ ನಿಂತಳು. ಮರ ಅವಳ ಮುಂದೆ ಒಂದು ಮೊಳದಲ್ಲಿ ಹಾಯ್ದು ಹೋಯಿತಂತೆ.

"ಈಗ ನಡಿ" ಅಂದಳು ಫಕೀರವ್ವ. ತಿಪ್ಪವ್ವ ನಡೆದಳು.

ಎಂಟು ಬುಟ್ಟಿ ಪೇಟೆ ಮುಟ್ಟಿದವು. ಎಲೆಯ ಮೇಲಿನ ನೀರಿನ ಪಸೆ ಕೂಡ ಆರಿರಲಿಲ್ಲವಂತೆ. ಕೊನೆಯ ಬುಟ್ಟಿಯ ಜೊತೆ ಒಂದು ಮಾತೂ ಹೋಯಿತು, ಬಾಯಿಂದ ಬಾಯಿಗೆ: ಒಂದು ಬುಟ್ಟಿ ಕಡಿಮೆ, ಕಳೆದವಳು ನಾನು, ಫಕೀರವ್ವ. ದೇಸಾಯರ ಮನೆಯಲ್ಲಿ ತಾಂಬೂಲ ಸಾಕಾಯಿತು ಅಂತ ಕೆಲವರು, ಕೊನೆಯ ಪಂಕ್ತಿಗೆ ಅರ್ಧರ್ಧ ಎಲೆ ಕೊಟ್ಟರು ಅಂತ ಕೆಲವರು. ಮೋದಿನಸಾಬನ ಮಾತಂತೂ ಉಳಿಯಿತು.

ಅವನು ಬಳ್ಳಿಗೇರಿಗೆ ತಾನೇ ಬಂದನಂತೆ. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಕೂತಿದ್ದವಳನ್ನು ಕಂಡು, "ಇನ್ನ ಮುಂದ ಹಿರೇತನ ಯಾರದವ್ವಾ? ನಾ ಯಾರ ಕೂಡ ಮಾತಾಡಬೇಕು?" ಅಂತ ಕೇಳಿದ.

"ಬುಟ್ಟಿ ಯಾರ ತಲಿ ಮ್ಯಾಲ ಐತ್ಯೋ ಆ ಹೊತ್ತಿಗೆ ಹಿರೇತನ ಆಕಿದು" ಅಂದಳಂತೆ ಫಕೀರವ್ವ. "ನಂದು ಬರೇ ನೋಡೂ ಕೆಲಸ."

ಕಾಲು ಸೊಟ್ಟಗೆ ಕೂಡಿತು. ಆಕೆ ಮತ್ತೆ ಓಡಲಿಲ್ಲ. ಬದುಕಿರುವ ತನಕ ಆ ಹಳ್ಳದ ದಂಡೆಯಲ್ಲಿ ಕೂತು ನೀರು ನೋಡಿದಳು, ದಾರಿ ನೋಡಿದಳು, ಯಾರಿಗೆ ಎಷ್ಟು ಭಾರ ಆದೀತು ಅಂತ ನೋಡಿದಳು. ಕುಂಬಾರರು, ಬಳೆಗಾರರು, ಮೀನಿನವರು ಬಂದು ಸರಕು ಸಾಗಿಸುವ ಬಗೆ ಕೇಳಿಕೊಂಡು ಹೋಗುತ್ತಿದ್ದರಂತೆ. ಕೂತಳು ಅಂದರೆ ಚಡಪಡಿಕೆ ಹೋಯಿತು ಅಂತಲ್ಲ. ಕಾಲ ಹೆಬ್ಬೆರಳು ಸಾಯುವ ದಿನದ ತನಕ ನೆಲ ಕೆರೆಯುತ್ತಲೇ ಇತ್ತಂತೆ. ಆಕೆ ಕೂರುತ್ತಿದ್ದ ಕಡೆ ಒಂದು ಕುಳಿಯೇ ಬಿದ್ದಿತ್ತು ಅಂತಾರೆ.

ಈಗ ಆ ದಾರಿಯಲ್ಲಿ ಎಲೆ ಟೆಂಪೋದಲ್ಲಿ ಹೋಗುತ್ತದೆ, ಹಳ್ಳಕ್ಕೆ ಸೇತುವೆಯಾಗಿದೆ. ಆದರೂ ಬಳ್ಳಿಗೇರಿಯ ಎಲೆತೋಟದವರು ತಮಗೊಬ್ಬ ಹಿರಿಯನನ್ನು ಆರಿಸಿದರೆ, ಮೊದಲ ದಿನ ಅವನಿಗೆ ಪೇಟ ಸುತ್ತುವುದಿಲ್ಲ, ಹಾರ ಹಾಕುವುದಿಲ್ಲ. ಬೆಳಗ್ಗೆಯೇ ಕರೆದುಕೊಂಡು ಹೋಗಿ ಹಳ್ಳದ ದಂಡೆಯಲ್ಲಿ ಬರಿನೆಲದ ಮೇಲೆ ಕೂರಿಸುತ್ತಾರೆ. ಕೊನೆಯ ಗಾಡಿ ದಾಟುವ ತನಕ ಅವನು ಏಳುವಂತಿಲ್ಲ, ಯಾರಿಗೂ ಇದು ಮಾಡು ಅದು ಮಾಡು ಅನ್ನುವಂತಿಲ್ಲ. ಹೋದ ವರ್ಷ ಆರಿಸಿ ಬಂದವನು ಎರಡು ಸಲ ಎದ್ದ. ಗಾಡಿ ತಡವಾಯಿತು, ಫೋನು ಮಾಡುತ್ತೇನೆ ಅಂತ ಮೂರನೆಯ ಸಲ ಏಳುತ್ತಿದ್ದ. ಊರಿನ ಒಬ್ಬ ಮುದುಕಿ ಪಕ್ಕದಲ್ಲಿ ಕೂತಿದ್ದಳು. ಅವನ ಮೊಣಕಾಲಿನ ಮೇಲೆ ಅಂಗೈ ಇಟ್ಟು ಒತ್ತಿದಳು.

"ತಡೀಪಾ" ಅಂದಳು. "ಬರ್ತಾರ."